ಒಂದು ಚೆಂಬು ನೀರು, ಒಂದು ಉಪನಿಯಮ: ಡಾ. ಜೆರ್ಟ್ರೂಡ್ ಅರಾನ್ಹಾ

ಕರಾವಳಿಯ ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಹೆಸರು ಮಾಡಿದ ವೈದ್ಯರು ಅನೇಕರಿದ್ದಾರೆ. ಆದರೆ ಕಾನೂನಿನ ಪುಸ್ತಕದೊಳಗೆ ಒಂದು ಬೇಸಿನ್ನನ್ನೂ ಒಂದು ಟವೆಲನ್ನೂ ಸೇರಿಸಿದ ಕೀರ್ತಿ ಡಾ. ಜೆರ್ಟ್ರೂಡ್ ಅರಾನ್ಹಾ ಅವರೊಬ್ಬರಿಗೇ ಸಲ್ಲಬೇಕು. ಹಳ್ಳಿಯ ರೋಗಿಯನ್ನು ಟೀವಿ ಪರದೆಯ ಮೂಲಕ ಪಟ್ಟಣದ ತಜ್ಞರಿಗೆ ತೋರಿಸುವ ದೂರವೈದ್ಯ ಸೇವೆ ಬಡವರ ಕೈಗೆಟುಕಬೇಕೆಂದು ಹಟ ಹಿಡಿದು, ಜಿಲ್ಲಾ ಪಂಚಾಯತಿನಿಂದ ಉಪನಿಯಮವನ್ನೇ ಮಾಡಿಸಿದವರು ಅವರು. ಈ ತಿಂಗಳು ಸರಕಾರಿ ಸೇವೆಯಿಂದ ನಿವೃತ್ತರಾಗುತ್ತಿರುವ ಅವರ ಅಭಿನಂದನ ಸಂಪುಟದಲ್ಲಿ ಆ ಕಥೆಯೊಂದನ್ನು ಬಿಟ್ಟರೆ, ಮದುವೆ ಮನೆಯಲ್ಲಿ ಮದುಮಗಳನ್ನೇ ಮರೆತಂತಾದೀತು.

ಶಿರ್ವದ ಕೃಷಿಕ ಕುಟುಂಬದಲ್ಲಿ ಹುಟ್ಟಿ ವೈದ್ಯಕೀಯ ಓದಿದ ಜೆರ್ಟ್ರೂಡ್ ಅವರನ್ನು ಬಂಧುಗಳೆಲ್ಲ ಗಲ್ಫಿಗೆ ಕರೆದರು. ಅವರು ಜಪ್ಪಯ್ಯ ಎಂದರೂ ಹೋಗಲಿಲ್ಲ. ಹಲವು ಊರು ಸುತ್ತಿ ೧೯೯೭ರಲ್ಲಿ ಕಾರ್ಕಳದ ಕಡೆಯ ಆರೋಗ್ಯ ಕೇಂದ್ರವೊಂದಕ್ಕೆ ಬಂದಾಗ, ಕಲ್ಲುಕೋರೆಯಲ್ಲಿ ದುಡಿಯುತ್ತಿದ್ದ ಗುರಲಿಂಗಪ್ಪ ಎಂಬವನ ಕಣ್ಣಿಗೆ ಕಲ್ಲಿನ ಚೂರು ಬಡಿದಿತ್ತು. ಮಣಿಪಾಲದ ತಜ್ಞರಿಗೆ ತೋರಿಸಲು ಅವರು ಚೀಟಿ ಬರೆದುಕೊಟ್ಟರು. ಕೂಲಿ ಬಿಟ್ಟು, ಬಸ್ಸು ಹತ್ತಿ, ಗುರುತಿಲ್ಲದ ಆಸ್ಪತ್ರೆಯಲ್ಲಿ ಸಾಲು ನಿಲ್ಲುವುದು ಅವನಿಂದಾಗಲಿಲ್ಲ. ಅವನು ಮತ್ತೆ ಬರುವಷ್ಟರಲ್ಲಿ ಕಣ್ಣು ಹೋಗಿತ್ತು.

"ಮಣಿಪಾಲಕ್ಕೆ ಹೋಗ್ಲಿಕ್ಕೆ ನಿಮ್ಗೆ ಎಂತ ಆಗಿತ್ತು?" ಎಂದು ಡಾಕ್ಟರರು ರೇಗಿದರು.

"ಮುಂದಿನ ವಾರ ಹೋಗೂಣ ಅಂತಿದ್ನಿರಿ" ಎಂದ ಅವನು, ತಪ್ಪೆಲ್ಲ ತನ್ನದೇ ಎಂಬಂತೆ.

ಆ ಮಾತು ಅವರ ಊಟ ನಿದ್ದೆ ಕೆಡಿಸಿತು. ರೋಗಿಗೆ ಹೋಗಲಾಗದಿದ್ದರೆ ತಜ್ಞರೇ ರೋಗಿಯ ಕಣ್ಣೆದುರಿಗೆ ಬರಬೇಕು ಎಂದು ಅಂದೇ ನಿಶ್ಚಯಿಸಿದರು.

ಕಾಪುವಿಗೆ ವರ್ಗವಾದ ಮೇಲೆ ಅವರು ಉಪನಿಯಮದ ಕರಡನ್ನು ಹಿಡಿದು ಹತ್ತದ ಕಚೇರಿ ಮೆಟ್ಟಿಲಿಲ್ಲ. ಕರಡಿನ ತಿರುಳು ಇಷ್ಟೇ: ಪರದೆಯ ಮೇಲಿನ ತಪಾಸಣೆಗೆ ರೋಗಿ ಹೊರರೋಗಿ ಚೀಟಿಯ ದರಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ, ಉಳಿದ ಖರ್ಚು ಪಂಚಾಯತಿನದು. "ಡಾಕ್ಟರಮ್ಮನಿಗೆ ಟೀವಿ ಹುಚ್ಚು" ಎಂದು ಕೆಲವರು ಬೆನ್ನ ಹಿಂದೆ ಆಡಿಕೊಂಡರು. ಕೊನೆಗೂ ಪ್ರಯೋಗಕ್ಕೆಂದು ಕಾಪುವಿನ ಕೇಂದ್ರವನ್ನು ಮಣಿಪಾಲದ ಆಸ್ಪತ್ರೆಗೆ ಜೋಡಿಸುವ ಒಂದು ವೀಡಿಯೊ ಲೈನ್ ಸಿಕ್ಕಿತು. ೨೦೦೪ರಲ್ಲಿ ಪಂಚಾಯತಿನ ಆರೋಗ್ಯ ಸಮಿತಿಯೇ ಅದನ್ನು ಕಣ್ಣಾರೆ ನೋಡಲು ಬರುವುದೆಂದಾಯಿತು. ಸಮಿತಿ ಒಲ್ಲೆನೆಂದರೆ ತಿಂಗಳ ಕೊನೆಗೆ ಲೈನ್ ಕಡಿತ, ಕರಡಿಗೆ ಕಪಾಟು.

ಆ ದಿನಕ್ಕೆ ಅವರು ಆರಿಸಿದ್ದು ಮರೆಮ್ಮನನ್ನು. ರಾಯಚೂರಿನ ಕಡೆಯಿಂದ ಬಂದು ಕಾಪುವಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ಅವಳ ಕೆನ್ನೆಯ ಮೇಲೆ ಒಂದು ಬಿಳಚು ಕಲೆ ಎದ್ದಿತ್ತು. "ಸೋಮವಾರ ಟೀವಿಯಲ್ಲಿ ದೊಡ್ಡ ಡಾಕ್ಟ್ರಿಗೆ ನಿಮ್ಮ ಮುಖ ತೋರಿಸುವ" ಎಂದು ಡಾಕ್ಟರರು ಹೇಳಿಕಳುಹಿಸಿದರು. ಎಡವಟ್ಟಾದದ್ದೇ ಅಲ್ಲಿ. ಟೀವಿ ಎಂದ ಮೇಲೆ ಮರೆಮ್ಮ ಸುಮ್ಮನೆ ಬಂದಾಳೆಯೇ? ಮದುವೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮುಖದ ತುಂಬ ಪೌಡರ್ ಬಳಿದುಕೊಂಡು ಬಂದಳು. ಸಮಿತಿಯವರ ಉಪಚಾರದಲ್ಲಿದ್ದ ಡಾಕ್ಟರರು ಅದನ್ನು ಗಮನಿಸುವ ಮೊದಲೇ ಅವಳು ಕ್ಯಾಮೆರಾದ ಮುಂದೆ ಕುಳಿತಾಗಿತ್ತು.

ಪರದೆಯಲ್ಲಿ ಮಣಿಪಾಲದಿಂದ ಚರ್ಮರೋಗ ತಜ್ಞ ಡಾ. ಉಮಾನಾಥ ಬಗ್ಗಿ ಬಗ್ಗಿ ನೋಡಿದರು. "ನನಗೆ ಕಲೆ ಎಂತದ್ದೂ ಕಾಣುದಿಲ್ಲ ಡಾಕ್ಟ್ರೆ. ಒಳ್ಳೆ ಲಕ್ಷಣವಾಗಿದ್ದಾರೆ."

ಕೋಣೆಯೆಲ್ಲ ನಕ್ಕಿತು. ಸಮಿತಿಯ ಅಧ್ಯಕ್ಷ ವಿಠಲ ಹೆಗ್ಡೆಯವರು ಕುರ್ಚಿಯಿಂದ ಎದ್ದೇಬಿಟ್ಟರು. "ಯಂತ್ರಕ್ಕೆ ಕಾಣುವುದು ಇಷ್ಟೇ ಅಲ್ವಾ? ಇದಕ್ಕೆ ಉಪನಿಯಮ ಬೇರೆ ಕೇಡು."

ವರ್ಷಗಟ್ಟಲೆಯ ಓಡಾಟ ನೀರುಪಾಲಾಗುವ ಹೊತ್ತು. ಡಾಕ್ಟರರು ನರ್ಸ್ ಬರ್ತಾ ಅವರ ಕಡೆ ತಿರುಗಿ, "ಬರ್ತಾ, ಒಂದು ಚೆಂಬು ನೀರು, ಟವೆಲ್" ಎಂದರು.

"ಬ್ಯಾಡ್ರಿ ಅಕ್ಕಾರ! ಇಷ್ಟ್ ಮಂದಿ ಮುಂದ ಬೋಳ್ ಮುಖಾ ಹೆಂಗ ತೋರಸ್ಲಿ?" ಎಂದು ಮರೆಮ್ಮ ಸೆರಗನ್ನು ಬಾಯಿಗೆ ಹಿಡಿದಳು.

"ನೀವು ಚಂದ ಇದ್ದೀರಿ ಮರೆಮ್ಮ, ಅದಕ್ಕೆ ಮೋಸವಿಲ್ಲ. ಆದ್ರೆ ಕಾಯಿಲೆ ಆ ಪೌಡರಿನ ಅಡಿಯಲ್ಲಿ ಉಂಟು" ಎಂದರು ಡಾಕ್ಟರರು. ಅವಳು ಹೂಂ ಎಂದ ಮೇಲೆ, ಸಮಿತಿಗೆ ಬೆನ್ನು ಹಾಕಿ ಕುಳಿತು, ತಾಯಿ ಮಗುವಿನ ಮುಖ ತೊಳೆಯುವ ಹಾಗೆ ತಾವೇ ತೊಳೆದು ಒರೆಸಿದರು.

ಉಮಾನಾಥರ ನಗು ಅಲ್ಲಿಗೇ ನಿಂತಿತು. "ಎಡ ಕೆನ್ನೆ ಹತ್ತಿರ ತನ್ನಿ. ಕಣ್ಣು ಮುಚ್ಚಿಸಿ, ಹತ್ತಿಯಿಂದ ಮುಟ್ಟಿ ನೋಡಿ."

ಡಾಕ್ಟರರು ಹತ್ತಿಯ ಎಳೆಯಿಂದ ಕಲೆಯನ್ನು ಸವರಿದರು. "ಮುಟ್ಟಿದ್ದು ಗೊತ್ತಾಯ್ತಾ?"

"ಯಾವಾಗ ಮುಟ್ಟಿದ್ರಿ?" ಎಂದಳು ಮರೆಮ್ಮ.

ಯಾರೂ ನಗಲಿಲ್ಲ. ಡಾಕ್ಟರರು ಬಾಗಿಲು ತೋರಿಸಿ, "ಇನ್ನು ಎಲ್ಲರೂ ಹೊರಗೆ" ಎಂದರು. ಜಿಲ್ಲೆಯ ಆರೋಗ್ಯ ಸಮಿತಿಗೆ ಸಮಿತಿಯೇ ಜಗಲಿಯ ಬಿಸಿಲಿನಲ್ಲಿ ನಿಂತಿತು; ಕಾಯಿಲೆಯ ಹೆಸರನ್ನು ಮರೆಮ್ಮ ಒಬ್ಬಳೇ ಕೇಳಿದಳು. ಅದನ್ನು ಇಲ್ಲಿ ಬರೆಯುವುದು ಡಾಕ್ಟರರಿಗೆ ಇಂದಿಗೂ ಒಪ್ಪಿಗೆಯಿಲ್ಲ. ಮರೆಮ್ಮನ ಹೆಸರು ಬರೆದಿರುವುದೂ ಅವಳನ್ನು ಕೇಳಿಯೇ. ಬೇಗ ಕಂಡರೆ ಮಾತ್ರೆಯಿಂದಲೇ ಪೂರ್ತಿ ಗುಣವಾಗುವಂಥದ್ದು, ತಡವಾದರೆ ಕೈಕಾಲಿನ ಬೆರಳುಗಳನ್ನೇ ಕಸಿಯಬಲ್ಲದ್ದು ಎಂದರೆ ಸಾಕು.

"ಎಂತ ಮಾರಾಯ್ರೆ, ನಮ್ಮನ್ನೇ ಹೊರಗೆ ಹಾಕಿದ್ರಲ್ಲ?" ಎಂದರು ಹೆಗ್ಡೆಯವರು, ಬೆವರೊರೆಸಿಕೊಳ್ಳುತ್ತ.

"ನಾಳೆ ನಿಮ್ಮ ಮುಖ ತೊಳೆಯುವಾಗಲೂ ಎಲ್ಲರನ್ನೂ ಹೊರಗೆ ಹಾಕ್ತೇನೆ, ಹೆಗ್ಡೆಯವರೆ."

ಹೆಗ್ಡೆಯವರು ಹೊಟ್ಟೆ ಹಿಡಿದು ನಕ್ಕರು. ನಕ್ಕು, ಕರಡಿಗೆ ಎರಡು ಮಾತು ಸೇರಿಸಲು ತಾವೇ ಸೂಚಿಸಿದರು: ತಪಾಸಣೆಯ ಕೋಣೆಯಲ್ಲಿ ನೀರು, ಬೇಸಿನ್, ಟವೆಲ್ ಇರತಕ್ಕದ್ದು; ರೋಗಿ ಒಪ್ಪದ ಯಾರೂ ಒಳಗಿರತಕ್ಕದ್ದಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಉಪನಿಯಮಕ್ಕೆ ಒಂದೇ ಒಂದು ವಿರೋಧದ ಕೈ ಏಳಲಿಲ್ಲ. ಸದಸ್ಯರು ಮೇಜು ಕುಟ್ಟಿದ ಸದ್ದು ರಸ್ತೆಗೆ ಕೇಳಿಸಿತು. ಆ ಸಂಜೆ ಡಾಕ್ಟರರು ಸಿಬ್ಬಂದಿಯನ್ನೆಲ್ಲ ಉಡುಪಿಗೆ ಕರೆದೊಯ್ದು ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸಿದರು. ಬರ್ತಾ ಎರಡು ತಿಂದರು.

ಉಪನಿಯಮದ ಮೊದಲ ಲೈನ್ ಕಾರ್ಕಳದ ಆ ಹಳೆಯ ಕೇಂದ್ರಕ್ಕೇ ಹೋಗಬೇಕೆಂದು ಅವರು ಪಟ್ಟು ಹಿಡಿದರು; ಹೋಯಿತು. ಕೋರೆಯ ಕೆಲಸಗಾರ ದುರ್ಗೇಶನ ಕಣ್ಣಿಗೆ ಚೂರು ಬಡಿದಾಗ ಅವನ ತೋಳು ಹಿಡಿದು ಎಳೆದುತಂದವನು ಗುರಲಿಂಗಪ್ಪನೇ. ಪರದೆಯಲ್ಲಿ ನೋಡಿದ ಕಣ್ಣಿನ ತಜ್ಞರು ಅದೇ ದಿನ ಮಣಿಪಾಲದಲ್ಲಿ ಹಾಸಿಗೆ ಕಾದಿರಿಸಿ ಆಂಬುಲೆನ್ಸ್ ಕಳುಹಿಸಿದರು. ದುರ್ಗೇಶ ಇಂದು ಎರಡೂ ಕಣ್ಣಿನಿಂದ ನೋಡುತ್ತಿದ್ದಾನೆ. ಸುದ್ದಿ ಕೇಳಿದ ದಿನ ಡಾಕ್ಟರರು ಮುಚ್ಚುಮರೆಯಿಲ್ಲದೆ ಅತ್ತರು.

ಮಾತ್ರೆಯ ಅವಧಿ ಮುಗಿದು, ಕೆನ್ನೆ ಮತ್ತೆ ಮುಟ್ಟಿದ್ದನ್ನು ಅರಿಯತೊಡಗಿದ ಮೇಲೆ ಮರೆಮ್ಮ ಕಾಪುವಿಗೆ ಬಂದಳು. ಅದೇ ಮದುವೆಯ ಸೀರೆ, ಅದೇ ಮಲ್ಲಿಗೆ, ಮುಖದ ತುಂಬ ಪೌಡರ್. ಅಭ್ಯಾಸಬಲದಿಂದ ಬರ್ತಾ ಚೆಂಬಿಗೆ ಕೈಹಾಕಿದರು.

"ಇವತ್ತ ತೊಳೀಬ್ಯಾಡ್ರಿ ಅಕ್ಕಾರ" ಎಂದಳು ಮರೆಮ್ಮ. "ಇವತ್ತ ಬರೇ ಚೆಂದ ಕಾಣಾಕ ಬಂದೀನಿ."

ನಿವೃತ್ತಿಯ ಬಳಿಕವೂ ಶಿರ್ವದ ಕೇಂದ್ರದಲ್ಲಿ ವಾರಕ್ಕೊಮ್ಮೆ ಪರದೆಯ ಬದಿಯಲ್ಲಿ ಕೂರುತ್ತೇನೆ ಎಂದು ಡಾ. ಜೆರ್ಟ್ರೂಡ್ ಹೇಳಿದ್ದಾರೆ. ಅವರಿಗೆ ಭಗವಂತ ನೂರು ವರ್ಷದ ಆಯುಸ್ಸನ್ನೂ ದಣಿಯದ ಕೈಗಳನ್ನೂ ಕೊಡಲಿ; ಪೌಡರ್ ಬಳಿದುಕೊಂಡು ಬರೇ ಚೆಂದ ಕಾಣಲೆಂದೇ ಅವರ ಬಾಗಿಲಿಗೆ ಬರುವವರ ಸಾಲು ದಿನೇ ದಿನೇ ಉದ್ದವಾಗಲಿ.