ಪೂಜೆಗೆ ಕೂತ ಅಡಾಪ್ಟರ್

ವೈನಿಯ ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ಮನೆಯಲ್ಲಿ ಮೊದಲು ಸಾರಿದವನು ನಾನು. ವೈನಿ ಅಂದರೆ ಅಣ್ಣನ ಹೆಂಡತಿ. ಇಂಡಿ ತಾಲ್ಲೂಕಿನ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಸಿಂದಗಿಗೆ ಹೋಗಿಬಂದು ಬಿ.ಇಡಿ. ಓದುತ್ತಿದ್ದರು. ಮರುದಿನ ಮುಂಜಾನೆ ಹೊರಗಿನ ಪರೀಕ್ಷಕರ ಮುಂದೆ ಅವರ ಕೊನೆಯ ಪಾಠವಿತ್ತು. ಏಳನೆಯ ತರಗತಿಯ ಮಕ್ಕಳಿಗೆ ಜೀರ್ಣಾಂಗಗಳ ಪಾಠ. ಬಾಯಿಂದ ಹಿಡಿದು ದೊಡ್ಡ ಕರುಳಿನ ತನಕ ಎಲ್ಲ ಚಿತ್ರಗಳನ್ನು ತಾವೇ ಬಿಡಿಸಿ, ಬಣ್ಣ ತುಂಬಿ ಲ್ಯಾಪ್‌ಟಾಪಿಗೆ ಏರಿಸಿದ್ದರು. ಅದರಲ್ಲಿ ಉಳಿದಿದ್ದ ಚಾರ್ಜು ಒಂಬತ್ತು ಪರ್ಸೆಂಟ್. ಅಡಾಪ್ಟರ್ ಚುಚ್ಚಿದರೂ ಲ್ಯಾಪ್‌ಟಾಪಿನ ದೀಪ ಹತ್ತುತ್ತಿರಲಿಲ್ಲ.

ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತ, ಇದು ಹಳೆಯ ಮಾಲಿನ ಹಣೆಬರಹ, ಒಳಗೇ ಏನೋ ಹೋಗಿದೆ ಅಂದೆ. ಅಡಾಪ್ಟರಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಪಿನ್ನು ಸರಿಯಾಗಿ ಕೂತಿತ್ತಲ್ಲ. ಪಿನ್ನು ಕೂತರೆ ಯಾವುದಾದರೂ ನಡೆಯುತ್ತದೆ ಎಂದು, ವೈನಿಯ ಜೊತೆ ಹೋಗಿ ಈ ಹಳೆಯ ಲ್ಯಾಪ್‌ಟಾಪ್ ಕೊಂಡಾಗ ವಿಜಯಪುರದ ಅಂಗಡಿಯವನೇ ಹೇಳಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವನ ಹಸಿರು ಅಂಗಿ ಕೂಡ ನೆನಪಿತ್ತು. ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು ನಾನು. ದೇವರಿಂದ ಹಿಡಿದು ಹವಾಮಾನ ವರದಿಯ ತನಕ ಎಲ್ಲವನ್ನೂ ಸಂಶಯದಿಂದ ನೋಡಿದವನು ಆ ಹಸಿರು ಅಂಗಿಯನ್ನು ಮಾತ್ರ ಸಂಶಯಿಸಲಿಲ್ಲ.

ವೈನಿ ತಲೆ ಎತ್ತದೇ ಹೇಳಿದರು: "ಅಂವಾ ಹಂಗ ಅಂದಿಲ್ಲರಿ. ಹಂಗಂದವ್ರು ನೀವು. ಅಂವಾ, ಬರದದ್ದು ನೋಡಿ ಹಾಕ್ರಿ ಸರ ಅಂದಿದ್ದಾ."

ನನಗೆ ಒಪ್ಪಲು ಮನಸ್ಸಾಗಲಿಲ್ಲ. ಆದರೆ ಆ ಅಂಗಡಿಯಲ್ಲಿ ಹಸಿರು ಅಂಗಿ ತೊಟ್ಟಿದ್ದವನು ನಾನೇ ಇರಬೇಕು ಎಂದು ಆಗಲೇ ಅನ್ನಿಸತೊಡಗಿತ್ತು.

ವೈನಿ ಲ್ಯಾಪ್‌ಟಾಪನ್ನು ಬೋರಲು ಹಾಕಿದರು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹತ್ತೊಂಬತ್ತು ವೋಲ್ಟ್ ಎಂದು ಬರೆದಿತ್ತು. ಈಗ ಅಡಾಪ್ಟರ್ ನೋಡಬೇಕು. ಅದರ ಬರಹದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ನಾಲ್ಕು ದಿನದ ಹಿಂದೆ ಮಹಾನವಮಿಯ ಖಂಡೆ ಪೂಜೆಗೆ ಅವ್ವ ಮನೆಯ ಹತಾರಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟಿದ್ದಳು. ಕುಡುಗೋಲು, ಕೊಡಲಿ, ಲಿಂಬಿ ಗಿಡಗಳಿಗೆ ಔಷಧ ಹೊಡೆಯುವ ಅಣ್ಣನ ಬ್ಯಾಟರಿ ಪಂಪು, ಅದರ ಚಾರ್ಜರ್, ವೈನಿಯ ಲ್ಯಾಪ್‌ಟಾಪು, ಅಡಾಪ್ಟರು. ಅನ್ನ ಕೊಡುವುದು ಯಾವುದೂ ತಪ್ಪಬಾರದು.

ನಾನು ಒದ್ದೆ ಅರಿವೆ ತಂದೆ. ಅವ್ವ ತಡೆದಳು. ಪೂಜೆಯಾದ ಹತಾರದ ವಿಭೂತಿಯನ್ನು ಐದು ದಿನ ಒರೆಸಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ, ಇನ್ನೂ ಒಂದು ದಿನ ಬಾಕಿ. ಕುಡುಗೋಲಿಗೂ ಅಡಾಪ್ಟರಿಗೂ ಒಂದೇ ಕಾನೂನೇ ಎಂದು ನಾನು ವಾದಕ್ಕೆ ನಿಂತೆ. ನನ್ನ ವಾದದಿಂದ ಅವ್ವ ಇನ್ನಷ್ಟು ಗಟ್ಟಿಯಾದಳು.

ವೈನಿ ವಾದ ಮಾಡಲಿಲ್ಲ. ಅಡಾಪ್ಟರನ್ನು ಅವ್ವನ ಮುಂದೆ ಹಿಡಿದು, "ಅತ್ತಿ, ನಾಳೆ ನನ್ನ ಪಾಠ ಐತಿ. ಒರಸೂದು ಬ್ಯಾಡ, ಈ ವಿಭೂತಿ ನನ್ನ ಹಣಿಗೆ ಹಚ್ರಿ" ಅಂದರು.

ಅವ್ವ ಹೆಬ್ಬೆರಳಿನಿಂದ ಅಡಾಪ್ಟರಿನ ವಿಭೂತಿಯನ್ನೆಲ್ಲ ತೀಡಿ ತೆಗೆದು ಸೊಸೆಯ ಹಣೆಗೆ ಹಚ್ಚಿದಳು. ಉಳಿದದ್ದನ್ನು ನನ್ನ ಹಣೆಗೂ ಮೆತ್ತಿದಳು. ಕೆಳಗಿನ ಬರಹ ಕಂಡಿತು: ಹನ್ನೆರಡು ವೋಲ್ಟ್. ಪಂಪಿನ ಚಾರ್ಜರ್ ಅದು. ಎರಡಕ್ಕೂ ಒಂದೇ ಥರದ ಕರಿ ಡಬ್ಬಿ, ಒಂದೇ ಥರದ ದುಂಡು ಪಿನ್ನು. ಪೂಜೆಯಿಂದ ಎದ್ದಾಗ ಅದಲುಬದಲಾಗಿದ್ದವು.

ಹಾಗಾದರೆ ಲ್ಯಾಪ್‌ಟಾಪಿನದು ಎಲ್ಲಿ? ವೈನಿ ಅಣ್ಣನಿಗೆ ಫೋನು ಹಚ್ಚಿದರು. ತೋಟದ ಕೋಣೆಯಲ್ಲಿ ಪಂಪು ಚಾರ್ಜಿಗೆ ಹಾಕಿ ಕೂತಿದ್ದ ಅಣ್ಣ ಭಾರಿ ಖುಷಿಯಲ್ಲಿದ್ದ. "ಈ ಸಲದ ಪೂಜಿ ಹತ್ತೇತಿ ನೋಡು. ಪಂಪ್ ಎಷ್ಟ್ ಲಗೂ ತುಂಬಾಕತ್ತೇತಿ ಅಂತೀ! ಬರೇ ಒಂಚೂರು ಬಿಸಿ ಆಗತೈತಿ ಅಷ್ಟ."

"ಮೊದಲ ಅದನ್ನ ಕೀಳ್ರಿ" ಅಂದರು ವೈನಿ.

ನಾನು ಬೈಕು ಹತ್ತಿದೆ. ತೋಟಕ್ಕೆ ಎಷ್ಟು ಹೊತ್ತಿನಲ್ಲಿ ಮುಟ್ಟಿದೆನೋ ಹೇಳಲಾರೆ. ದಾರಿಯಲ್ಲಿ ಕಂಡವರೆಲ್ಲ ನನ್ನ ಹಣೆ ನೋಡಿ ನಕ್ಕದ್ದು ಮಾತ್ರ ನಿಜ. ಪಂಪಿನ ಬ್ಯಾಟರಿ ಬೆಚ್ಚಗಾಗಿತ್ತು, ಪುಣ್ಯಕ್ಕೆ ಉಬ್ಬಿರಲಿಲ್ಲ. ಅಡಾಪ್ಟರ್ ತಂದು ಚುಚ್ಚಿದಾಗ ಲ್ಯಾಪ್‌ಟಾಪಿನ ಕಿತ್ತಳೆ ದೀಪ ಹತ್ತಿತು. ವೈನಿ ಅದರ ಪಕ್ಕದಲ್ಲೇ ಕೂತು ಸೊಪ್ಪು ಸೋಸಿದರು.

ಮರುದಿನ ಸಿಂದಗಿಯಲ್ಲಿ ಪಾಠ ಶುರುವಾಗಿ ಐದೇ ನಿಮಿಷಕ್ಕೆ ಕರೆಂಟು ಹೋಯಿತಂತೆ. ಪ್ರೊಜೆಕ್ಟರ್ ಆರಿತು. ವೈನಿ ಚಾರ್ಜು ತುಂಬಿದ ಲ್ಯಾಪ್‌ಟಾಪನ್ನು ಹರಿವಾಣದಂತೆ ಎರಡೂ ಕೈಯಲ್ಲಿ ಹಿಡಿದು ಬೆಂಚಿನಿಂದ ಬೆಂಚಿಗೆ ನಡೆಯುತ್ತ ಜಠರ ತೋರಿಸಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಚಿತ್ರದ ಮೇಲೆ ಬೆರಳಿಟ್ಟು, ಲಿಂಬಿಕಾಯಿ ಉಪ್ಪಿನಕಾಯಿ ತಿಂದರೆ ಉರಿಯುವುದು ಇಲ್ಲೇ ಏನ್ರಿ ಟೀಚರ್ ಎಂದು ಕೇಳಿದಳು. ಪರೀಕ್ಷಕರು ಕುರ್ಚಿಯಿಂದ ಎದ್ದು ಬಂದು, ಕನ್ನಡಕ ಏರಿಸಿ, ತಾವೂ ಬಗ್ಗಿ ಎಲ್ಲಿ ಎಂದು ನೋಡಿದರು.