ಎರಡನೇ ತಟ್ಟೆಯ ಸೋಪು

ಹೊಳಲ್ಕೆರೆಯ ಶಾಲೆಯೊಂದರಲ್ಲಿ ನಾನು ಟೀಚರ್. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಮೊಬೈಲ್ ನೋಡಿಕೊಂಡು ಸೋಪು ಮಾಡುವುದನ್ನು ಕಲಿತೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ನೀರಿನಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾ. ಕಲಸಿ ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ ತುಂಡು ಮಾಡಬೇಕು. ಮೊದಲ ತಟ್ಟೆ ಚೆನ್ನಾಗಿ ಬಂತು. ಎರಡನೆಯದಕ್ಕೆ ಕಾಸ್ಟಿಕ್ ತೂಗುವಾಗ ಫೋನ್ ಬಂದು ಲೆಕ್ಕ ತಪ್ಪಿತು. ಅಂದಾಜಿನ ಮೇಲೆ ಇನ್ನಷ್ಟು ಸುರಿದೆ. ತಿಂಗಳು ಒಣಗಿಸಿದ ಮೇಲೂ ಆ ಸೋಪನ್ನು ನಾಲಿಗೆಯ ತುದಿಗೆ ತಾಗಿಸಿದರೆ ಚುರ್ ಎನ್ನುತ್ತಿತ್ತು. ಚರ್ಮ ಸುಡುವ ಕಾಸ್ಟಿಕ್ ಇನ್ನೂ ಉಳಿದಿದೆ ಎಂದು ಗೊತ್ತಾಯಿತು. ಎಸೆಯಲು ಮನಸ್ಸು ಬರಲಿಲ್ಲ.

ಶಾಲೆ ಶುರುವಾದಾಗ ಟೀಚರುಗಳಿಗೆಲ್ಲ ಮೊದಲ ತಟ್ಟೆಯ ಸೋಪು ಹಂಚಿದೆ. ಬಿಸಿಯೂಟದ ಅಡುಗೆಯಮ್ಮನಿಗೆ ಕೊಡುವಷ್ಟರಲ್ಲಿ ಅದು ಮುಗಿದಿತ್ತು. ಇಲ್ಲ, ಮುಗಿದಿರಲಿಲ್ಲ, ನನಗೆಂದು ಮನೆಯಲ್ಲಿ ಒಂದನ್ನು ಎತ್ತಿಟ್ಟಿದ್ದೆ. ಎರಡನೇ ತಟ್ಟೆಯ ಎರಡು ತುಂಡನ್ನು ಬಣ್ಣದ ಕಾಗದದಲ್ಲಿ ಸುತ್ತಿ ಅವರಿಗೆ ಕೊಟ್ಟೆ. ದಿನವೂ ದೊಡ್ಡ ಪಾತ್ರೆ ತಿಕ್ಕುವ ಕೈ, ಏನಾಗುತ್ತದೆ ಎಂದುಕೊಂಡೆ.

ಅವರು ಅದನ್ನು ಮುಖಕ್ಕೇ ಹಚ್ಚಿದ್ದರು. ಸೋಮವಾರ ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು ಬಂದರು. ಕೆನ್ನೆ, ಕತ್ತು ಕೆಂಪಾಗಿ ಸಿಪ್ಪೆ ಏಳುತ್ತಿತ್ತು.

"ನಮ್ಮಂಥೋರ ಮೈಗೆ ಒಳ್ಳೇ ಸೋಪು ಒಗ್ಗಲ್ಲ ಕಣ್ರಿ ಮೇಡಂ," ಎಂದು ತಾವೇ ನಾಚಿಕೊಂಡರು.

"ಕೆಲವರಿಗೆ ಹಂಗಾಗುತ್ತೆ ಅಕ್ಕ," ಎಂದುಬಿಟ್ಟೆ.

"ಇನ್ನೊಂದು ಐತಲ್ಲ, ಅವತ್ತೇ ಚಿಕ್ಕಜಾಜೂರಿಗೆ ಮಗಳಿಗೆ ಕಳ್ಸಿಬಿಟ್ಟೀನಿ. ಅವ್ಳ ಮೈಗೆ ಒಗ್ಗಬೋದು, ಕೂಸಿಗೂ ಹಚ್ತಾಳೆ."

ಅವರ ಫೋನನ್ನು ಎತ್ತಿ ಕೈಗೆ ಕೊಟ್ಟೆ. "ಈಗಲೇ ಫೋನ್ ಮಾಡಿ. ಹಚ್ಚಬೇಡ ಅನ್ನಿ. ಅದರಲ್ಲಿ ಕಾಸ್ಟಿಕ್ ಜಾಸ್ತಿಯಾಗಿದೆ."

ಅವರು ಕೂಡಲೇ ಫೋನ್ ಮಾಡಿದರು. ಮಗಳು ಇನ್ನೂ ಕಾಗದವನ್ನೇ ಬಿಚ್ಚಿರಲಿಲ್ಲ.

ಫೋನ್ ಇಟ್ಟವರು ಗಾಬರಿಯಿಂದ ನನ್ನ ಕಡೆ ತಿರುಗಿದರು. "ಬ್ಯಾರೆ ಮೇಡಮ್ನೋರಿಗೂ ಕೊಟ್ಟೀರಲ್ರಿ! ಮದ್ಲು ಹೋಗಿ ಅವ್ರಿಗೆ ಹೇಳ್ರಿ, ಪಾಪ."

"ಅವರದು ಬೇರೆ," ಎಂದೆ. "ಅದು ಚೆನ್ನಾಗಿತ್ತು."

"ನಂದು ಹಿಂಗಂತ ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಗೊತ್ತಿತ್ತು ಎಂದೆ. ಕ್ಷಮಿಸಿ ಎಂದೂ ಅಂದೆ. ಅವರು ಕೂಗಾಡಲಿಲ್ಲ. ಸಾರಿನ ಪಾತ್ರೆಯ ಮುಚ್ಚಳ ತೆಗೆದು, "ಆಯ್ತು ಹೋಗ್ರಿ, ಬೆಲ್ಲು ಹೊಡೀತು," ಎಂದರು.

ಹದಿನೈದು ದಿನದಲ್ಲಿ ಚರ್ಮ ಸರಿಹೋಯಿತು. ನಾನು ತಂದುಕೊಟ್ಟ ಮುಲಾಮು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿ ಮುಚ್ಚಳ ತೆಗೆಯದೆ ಹಾಗೇ ಇತ್ತು. ಅವರು ಯಾರಿಗೂ ಏನೂ ಹೇಳಲಿಲ್ಲ. ಇವತ್ತಿಗೂ ಯಾರಾದರೂ ಟೀಚರು ನನ್ನ ಸೋಪನ್ನು ಹೊಗಳಿದರೆ, ಅಡುಗೆಯಮ್ಮ ಅಲ್ಲೆಲ್ಲಾದರೂ ಇದ್ದಾರೆಯೇ ಎಂದು ಮೊದಲು ನೋಡುತ್ತೇನೆ.