ಮೂರರವರೆಗೆ ಎಣಿಸಲು ತಪ್ಪಿದ ಮಿಡ್‌ಫೀಲ್ಡರ್

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಪೋರ್ಟ್‌ಲೋಗಿಯ ಅಂಚೆ ಶೆಡ್ಡಿನಲ್ಲಿ ಶಗ್ ಟೆನಂಟ್ ನಿಂತುಕೊಂಡೇ ಕಾಗದಗಳನ್ನು ಬೀದಿವಾರು ಜೋಡಿಸುತ್ತಿದ್ದಾನೆ. ಮೈಭಾರವೆಲ್ಲ ಎಡಗಾಲಿನ ಮೇಲೆ. ಎರಡು ಸಲ ಕತ್ತರಿ ಕಂಡ ಬಲಮಂಡಿಯನ್ನು ಒಂದು ಖಾಲಿ ಪೆಟ್ಟಿಗೆಯ ಮೇಲೆ ಊರಿದ್ದಾನೆ. ಬಾಗಿಲಾಚೆ ಸಮುದ್ರದ ಮಂಜು ಬಂದರಿನ ಗೋಡೆ ದಾಟಿ ಬೀದಿಗೆ ಬಂದಿದೆ. ಬೇರೆ ಶನಿವಾರಗಳಲ್ಲಾದರೆ ಇಷ್ಟು ಹೊತ್ತಿಗೆ ಯಾರಾದರೂ ಅವನ ಕಾಲೆಳೆಯಬೇಕಿತ್ತು. ಇವತ್ತು ಯಾರೂ ಬಾಯಿ ಬಿಡುತ್ತಿಲ್ಲ. ಒಬ್ಬಾಕೆ ಅವನ ಪಕ್ಕ ಚಹಾ ಇಟ್ಟು, ಭುಜ ಮುಟ್ಟಿ, ತನ್ನ ಜಾಗಕ್ಕೆ ಹೋಗುತ್ತಾಳೆ.

ಇವತ್ತು ಮಧ್ಯಾಹ್ನ ಮೂರಕ್ಕೆ ಪೋರ್ಟ್‌ಲೋಗಿ ಥಿಸಲ್ ತಂಡ ಲೀಗಿನಲ್ಲಿ ಉಳಿಯುತ್ತದೋ ಹೊರಬೀಳುತ್ತದೋ ಎನ್ನುವುದು ತೀರ್ಮಾನವಾಗುತ್ತದೆ. ತೊಂಬತ್ತಾರು ವರ್ಷದಿಂದ ಸ್ಕಾಟ್ಲೆಂಡಿನ ಲೀಗಿನ ಪಟ್ಟಿಯಲ್ಲಿ ಈ ಊರಿನ ಹೆಸರಿದೆ; ಹೆಚ್ಚಿನ ವರ್ಷ ತಳದಲ್ಲೇ, ಆದರೆ ಇದೆ. ಈ ಸಲ ನಾಲ್ಕನೆಯ ವಿಭಾಗದ ಕಟ್ಟಕಡೆಗೆ ಬಿದ್ದಿದ್ದರಿಂದ, ಕೆಳಗಿನಿಂದ ಮೇಲೆ ಬರಲು ಹವಣಿಸುತ್ತಿರುವ ಸ್ಟ್ರಾತ್‌ಡೂನ್ ತಂಡದ ಜೊತೆ ಎರಡು ಪಂದ್ಯ ಆಡಿ ಗೆದ್ದು ತೋರಿಸಬೇಕು. ಅವರ ಮೈದಾನದಲ್ಲಿ ಒಂದು-ಒಂದು ಸಮ ಆಗಿದೆ. ಎರಡನೆಯದು ಇವತ್ತು, ಇಲ್ಲಿ. ಸೋತರೆ ಹೊರಗೆ. ಹಾಗೆ ಹೋದ ಊರುಗಳು ಮತ್ತೆ ಬಂದದ್ದು ಕಡಿಮೆ.

ಈ ಗತಿ ತಂದವನು ಶಗ್ ಎಂದು ಅರ್ಧ ಊರು ಹೇಳುತ್ತದೆ. ಹೌದು, ನಾನೇ ಎಂದು ಶಗ್ ಕೂಡ ಹೇಳುತ್ತಾನೆ.

ಅವನ ಪೂರ್ತಿ ಹೆಸರು ಹ್ಯೂ. ಮೂವತ್ತೇಳು ವರ್ಷ. ವಾರಕ್ಕೆ ಆರು ದಿನ ಹನ್ನೊಂದು ಮೈಲಿ ನಡೆದು ಆರುನೂರ ನಲವತ್ತು ಬಾಗಿಲಿಗೆ ಅಂಚೆ ಹಾಕುತ್ತಾನೆ. ಮಂಗಳವಾರ, ಗುರುವಾರ ಸಂಜೆ ತಂಡದ ಅಭ್ಯಾಸ. ಶನಿವಾರ ಒಂದೂವರೆಗೆ ಚೀಲ ಇಳಿಸಿ, ಮೂರಕ್ಕೆ ಬೂಟು ಕಟ್ಟುತ್ತಾನೆ. ಹದಿನೇಳು ವರ್ಷದಿಂದ ಇದೇ ಕ್ಲಬ್ಬು, ಇದೇ ಜಾಗ: ರಕ್ಷಣಾ ಸಾಲಿನ ಎದುರು, ಮೈದಾನದ ನಡುವೆ. ಆರುನೂರ ಹತ್ತು ಪಂದ್ಯಗಳಲ್ಲಿ ಅವನು ಹೊಡೆದ ಗೋಲು ಹದಿನಾಲ್ಕು. ಅದರಲ್ಲಿ ಎರಡು ಬೆನ್ನಿಗೆ ತಗುಲಿ ಹೋದವು ಎಂದು ಅವನೇ ನಗುತ್ತಾನೆ.

ಪತ್ರಿಕೆಗಳಿಗೆ ಅವನು ಬೇಕಾಗುವುದೇ ಇಲ್ಲ. ಅವನ ಕಸುಬೆಂದರೆ ಏನೂ ಆಗದಂತೆ ನೋಡಿಕೊಳ್ಳುವುದು. ಆಗದೇ ಹೋದದ್ದನ್ನು ಯಾರು ಬರೆಯುತ್ತಾರೆ? ಎದುರಾಳಿ ಚೆಂಡು ಕೊಡಬೇಕೆಂದುಕೊಂಡ ದಾರಿಯಲ್ಲಿ ಅವನು ಎರಡು ಹೆಜ್ಜೆ ಮೊದಲೇ ಹೋಗಿ ನಿಂತಿರುತ್ತಾನೆ. ಕೊಡುವವನು ಬೇಸತ್ತು ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ. ನೋಡುವವರು ಆಕಳಿಸುತ್ತಾರೆ. ಶಗ್ ಪಾಲಿಗೆ ಅದೇ ಒಳ್ಳೆಯ ಮಧ್ಯಾಹ್ನ. “ಆಡೋವಾಗ ಅವನು ಇದ್ದಾನೋ ಇಲ್ವೋ ಗೊತ್ತೇ ಆಗಲ್ಲ,” ಎನ್ನುತ್ತಾನೆ ತಂಡದ ಮ್ಯಾನೇಜರ್ ಡೇವಿ ಇಂಗ್ಲಿಸ್. “ಮಂಡಿ ಕೈಕೊಟ್ಟು ಆರು ವಾರ ಕೂತಿದ್ದ ನೋಡಿ, ಆಗ ಗೊತ್ತಾಯ್ತು. ಆರರಲ್ಲಿ ಐದು ಸೋತ್ವಿ.”

ಹದಿನೇಳರ ಹುಡುಗನಿದ್ದಾಗ ಗ್ಲಾಸ್ಗೋದ ದೊಡ್ಡ ಕ್ಲಬ್ಬೊಂದು ಅವನನ್ನು ಕರೆದುಕೊಂಡಿತ್ತು. ಇಪ್ಪತ್ತಕ್ಕೆ ಒಂದು ಸಾಲಿನ ಕಾಗದ ಕೊಟ್ಟು ಮನೆಗೆ ಕಳಿಸಿತು. ಕೆಲವು ತಿಂಗಳ ಮೇಲೆ ಥಿಸಲ್‌ನವರು ಪರೀಕ್ಷೆಗೆಂದು ಆಡಿಸಿದರು. ಇಲ್ಲಿನ ಕೆಳ ವಿಭಾಗಗಳಲ್ಲಿ ಹಾಗೊಂದು ಪದ್ಧತಿ: ಸಹಿ ಹಾಕಿಸದೆ ಒಬ್ಬನನ್ನು ನಿಜವಾದ ಲೀಗ್ ಪಂದ್ಯಕ್ಕೇ ಇಳಿಸಬಹುದು. ಪಟ್ಟಿಯಲ್ಲಿ ಅವನ ಹೆಸರಿರುವುದಿಲ್ಲ, ಬರೀ ‘ಟ್ರಯಲಿಸ್ಟ್’ ಎಂದಿರುತ್ತದೆ. ಮರುದಿನದ ಪತ್ರಿಕೆಯಲ್ಲೂ ಹಾಗೇ ಬಂತು. ಶಗ್‌ನ ಅಮ್ಮ ಆ ಪದಕ್ಕೆ ಗೆರೆ ಎಳೆದು, ಪತ್ರಿಕೆ ಹಿಡಿದು ಬೀದಿಯ ಪ್ರತಿ ಮನೆಗೂ ಹೋಗಿ ಇದು ನನ್ನ ಮಗ ಎಂದು ತೋರಿಸಿ ಬಂದಳು.

ಟ್ರಯಲಿಸ್ಟನನ್ನು ಮೂರು ಪಂದ್ಯಕ್ಕಿಂತ ಹೆಚ್ಚು ಆಡಿಸುವಂತಿಲ್ಲ. ಇಡೀ ಊರಿನಲ್ಲಿ ಇದನ್ನು ಮರೆಯಬಾರದ ಒಬ್ಬನಿದ್ದರೆ ಅದು ಶಗ್.

ಈ ವರ್ಷ ಮಾರ್ಚಿನಲ್ಲಿ ಗೋಲು ಕಾಯುವ ಗೋಲಿಯ ಮಣಿಕಟ್ಟು ಮುರಿಯಿತು. ಬದಲಿಗೆ ಬಡಗಿಯೊಬ್ಬನನ್ನು ಟ್ರಯಲಿಸ್ಟ್ ಎಂದು ನಿಲ್ಲಿಸಿದರು. ಎರಡು ಪಂದ್ಯ ಆದವು. ಏಪ್ರಿಲ್ ಮೊದಲ ಶನಿವಾರ ಮೂರನೆಯದು ಶುರುವಾಗಿ ಅರ್ಧ ಗಂಟೆಗೆಲ್ಲ ಸಮುದ್ರದ ಮಂಜು ನುಗ್ಗಿ, ಗೋಲಿಗೆ ತನ್ನ ಕಂಬವೇ ಕಾಣದಂತಾಯಿತು. ರೆಫರಿ ಆಟ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದ. ಮುಂದಿನ ವಾರದ ಪಟ್ಟಿ ತುಂಬುವಾಗ ಕ್ಲಬ್ಬಿನ ಕಾರ್ಯದರ್ಶಿ ಈಸಾ ಪ್ರಿಂಗಲ್‌ಗೆ ಅನುಮಾನ ಬಂತು. ಈಸಾಗೆ ಎಪ್ಪತ್ತನಾಲ್ಕು ವರ್ಷ. ಮೂವತ್ತು ವರ್ಷದಿಂದ ಆಟಗಾರರ ಪಟ್ಟಿಯೂ ದಾಖಲೆ ಪುಸ್ತಕವೂ ಅವರ ಕೈಯಲ್ಲೇ. ಮಂಜಿನ ದಿನದ್ದನ್ನು ಎಣಿಸಬೇಕಾ ಎಂದು ಅವರು ಕೇಳಿದ್ದು, ಹಳಬ ಎಂಬ ನಂಬಿಕೆಯಿಂದ, ಶಗ್‌ನನ್ನು.

“ಮುಗೀದೇ ಇರೋ ಆಟ ಆಟವೇ ಅಲ್ಲ ಅಂದ್ಬಿಟ್ಟೆ,” ಎನ್ನುತ್ತಾನೆ ಶಗ್. “ಸಾಕ್ಸ್ ಎಳ್ಕೊಳ್ತಾ ಇದ್ದೆ. ತಲೆ ಎತ್ತಿ ಕೂಡ ನೋಡ್ಲಿಲ್ಲ.”

ಲೀಗಿನವರು ಅದನ್ನು ಎಣಿಸಿದರು. ಬಡಗಿ ನಿಂತ ನಾಲ್ಕನೆಯ ಪಂದ್ಯವನ್ನು ಥಿಸಲ್ ಗೆದ್ದಿತ್ತು. ಆ ಮೂರು ಅಂಕ ಕಿತ್ತುಕೊಂಡರು. ಕೊನೆಗೆ ಒಂದೇ ಒಂದು ಅಂಕದಿಂದ ತಂಡ ತಳ ಸೇರಿತು. ಪಟ್ಟಿಯ ಕೆಳಗಿದ್ದದ್ದು ಈಸಾ ಅವರ ಸಹಿ, ಹಾಗಾಗಿ ಜನ ಮೊದಲು ಅವರ ಮೇಲೆ ಹರಿಹಾಯ್ದರು. ಶಗ್ ಬೆಂಬಲಿಗರ ಸಭೆಯಲ್ಲಿ ಎದ್ದು ನಿಂತು, ಆಕೆ ಕೇಳಿದ್ದು ನನ್ನನ್ನ, ಹೇಳಿದ್ದು ನಾನು ಎಂದು ಕೂತ. ಕೆಲವರು ನಂಬಿದರು, ಕೆಲವರು ಮುದುಕಿಯನ್ನು ಕಾಪಾಡುತ್ತಿದ್ದಾನೆ ಎಂದರು.

ಆರುನೂರ ನಲವತ್ತು ಬಾಗಿಲಿಗೆ ಹೋಗುವವನಿಗೆ ತಲೆ ಮರೆಸಿಕೊಳ್ಳಲು ಜಾಗವೆಲ್ಲಿ? ಶನಿವಾರ ಮೈದಾನಕ್ಕೆ ಬಂದು ಬೈಯುವ ನಾನೂರು ಜನರಿಗೇ ಅವನು ಸೋಮವಾರ ಕರೆಂಟು ಬಿಲ್ಲು ತಲುಪಿಸಬೇಕು. ಈಗ ಚರ್ಚಿನ ಹಿಂದಿನ ಓಣಿಯಲ್ಲಿ ಮಿಸೆಸ್ ರೆನ್ನಿ ಬಾಗಿಲಲ್ಲೇ ಕಾದಿದ್ದಾರೆ. ಗಂಡ, ಮಾವ, ಮಾವನ ಅಪ್ಪ ಎಲ್ಲರೂ ಥಿಸಲ್‌ನ ಶಾಲು ಸುತ್ತಿಕೊಂಡೇ ಮಣ್ಣಾದವರು. ಅವರು ಕಾಗದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ.

“ಇದು ನನ್ನದೇ ಅಂತ ಗ್ಯಾರಂಟಿನಾ ಶಗ್? ನಮ್ಮ ಮನೆ ನಂಬರು ನಾಲ್ಕು ಕಣಪ್ಪ. ನಿನಗೆ ಮೂರರಿಂದಾಚೆ ಕಷ್ಟ ಅಂತ ಕೇಳಿದೀನಿ.”

ಶಗ್ ತಲೆ ಬಗ್ಗಿಸಿ ನಗುತ್ತಾನೆ. ಮೂಲೆ ತಿರುಗಿದ ಮೇಲೆ ಆ ನಗು ಉಳಿಯುವುದಿಲ್ಲ. ಅವನಿಗೆ ನಾಚಿಕೆಯಾಗಿದೆ, ಐದು ವಾರದಿಂದ ಆಗುತ್ತಲೇ ಇದೆ. ಅವನ ಹೆಂಡತಿ ಮೊರಾಗ್ ಮೀನಿಗೆ ಹೊಗೆ ಹಾಕುವ ಶೆಡ್ಡಿನಲ್ಲಿ ಕೆಲಸ ಮಾಡುವವಳು, ಕಣ್ಣೀರಿನ ಜಾತಿಯಲ್ಲ. “ಈಗೀಗ ಎಲ್ಲಾನೂ ಬಾಯಿಬಿಟ್ಟು ಎಣಿಸ್ತಾನೆ,” ಎಂದಳು. “ಮೆಟ್ಟಿಲು, ಆಲೂಗೆಡ್ಡೆ, ಒಣಹಾಕಿದ ಸಾಕ್ಸು. ಇವತ್ತು ಸೋತರೆ ಇನ್ನು ಏನೇನು ಎಣಿಸ್ತಾನೋ.” ಈ ಪಂದ್ಯದೊಂದಿಗೆ ಅವನ ಕರಾರೂ ಮುಗಿಯುತ್ತದೆ. ಇನ್ನೊಂದು ವರ್ಷ ಆಡಿದರೆ ಅಂಚೆ ಕೆಲಸಕ್ಕೂ ಕಾಲಿರುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಸರಿ ಮಾಡಲು ಅವನಿಗಿರುವುದು ತೊಂಬತ್ತು ನಿಮಿಷ ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿದೆ. ಮೈದಾನದಲ್ಲಿ ಎಂದಿನ ನಾನೂರರ ಬದಲು ಸಾವಿರದ ಇನ್ನೂರು ಜನ. ಮಾಂಸ ತುಂಬಿದ ಬಿಸಿ ಪೈ ಎರಡು ಗಂಟೆಗೇ ಖಾಲಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಡೇವಿ ಶಗ್‌ನ ಮಂಡಿಗೆ ತಾನೇ ಪಟ್ಟಿ ಸುತ್ತುತ್ತಾನೆ. ಎಪ್ಪತ್ತನೇ ನಿಮಿಷಕ್ಕೆ ಹೊರಗೆ ಕರೆಯುತ್ತೇನೆ, ಅಲ್ಲಿಯವರೆಗೆ ಎಳೆ ಎನ್ನುತ್ತಾನೆ. ಶಗ್ ಹ್ಞೂಂ ಅನ್ನುತ್ತಾನೆ.

ಇಪ್ಪತ್ತೆರಡನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಥಿಸಲ್‌ನ ಯಾರದೋ ತಲೆ ತಗುಲಿ ಗೋಲಾಗುತ್ತದೆ, ಥಿಸಲ್ ಒಂದು ಗೋಲು ಮುಂದೆ. ಆಮೇಲಿನದು ಬರೀ ಕಾವಲು. ಸ್ಟ್ರಾತ್‌ಡೂನ್‌ನ ಮುಂಚೂಣಿಯ ಹುಡುಗನೊಬ್ಬ, ಹತ್ತೊಂಬತ್ತರವನು, ಮೈದಾನದಲ್ಲಿರುವ ಎಲ್ಲರಿಗಿಂತ ಜೋರಾಗಿ ಓಡುತ್ತಾನೆ. ಶಗ್‌ಗೆ ಅವನ ಹಿಂದೆ ಓಡುವ ತಾಕತ್ತಿಲ್ಲ. ಅವನಿಗೆ ಚೆಂಡು ಬರುವ ದಾರಿಗಳನ್ನೇ ಒಂದೊಂದಾಗಿ ಮುಚ್ಚುತ್ತ ಹೋಗುತ್ತಾನೆ. ಕೈ ತೋರಿಸುತ್ತಾನೆ, ಅರಚುತ್ತಾನೆ, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಮೂರು. ಅರವತ್ತರೊಳಗೆ ಥಿಸಲ್‌ನ ಮೂವರು ನೋವಾಗಿ ಹೊರಗೆ ಹೋಗಿ, ಇಳಿಸಲು ಬೇರೆ ಯಾರೂ ಉಳಿದಿಲ್ಲ. ಎಪ್ಪತ್ತು ಬರುತ್ತದೆ, ಹೋಗುತ್ತದೆ. ಡೇವಿ ಶಗ್‌ನ ಕಡೆ ನೋಡದೆ ಕೈಗಡಿಯಾರ ನೋಡುತ್ತಾನೆ.

ಎಂಬತ್ತರ ಮೇಲೆ ಶಗ್ ಕುಂಟುತ್ತಿರುವುದು ಎಲ್ಲರಿಗೂ ಕಾಣುತ್ತದೆ. ಇವತ್ತು ಬೈಯುವವರೂ ಇಲ್ಲ. ತೊಂಬತ್ತು ಮುಗಿದು, ಹೆಚ್ಚುವರಿ ನಾಲ್ಕು ನಿಮಿಷ ಎಂಬ ಫಲಕ ಏಳುತ್ತದೆ.

ಅದರ ಮೊದಲನೆಯ ನಿಮಿಷದಲ್ಲೇ ಥಿಸಲ್‌ನ ಒಬ್ಬ ಅವಸರಕ್ಕೆ ಚೆಂಡನ್ನು ಅಡ್ಡ ಕೊಡುತ್ತಾನೆ. ಹುಡುಗ ಅದನ್ನು ಕಸಿದು, ಮುಂದಕ್ಕೆ ತಳ್ಳಿ, ಬಿಡುತ್ತಾನೆ ಓಟ. ಅವನ ಮುಂದೆ ಗೋಲಿ ಒಬ್ಬನೇ. ಪಕ್ಕದಲ್ಲಿ ಶಗ್, ಅರ್ಧ ಹೆಜ್ಜೆ ಹಿಂದೆ. ಇನ್ನೊಂದು ಹೆಜ್ಜೆ ಹೋದರೆ ಅದೂ ಇಲ್ಲ. ಗೋಲಾದರೆ ಮತ್ತೆ ಸಮ, ಮತ್ತೆ ಅರ್ಧ ಗಂಟೆ ಆಟ. ದಣಿದ ಈ ಹನ್ನೊಂದು ಜನಕ್ಕೆ ಆ ಅರ್ಧ ಗಂಟೆ ದಕ್ಕುವುದಿಲ್ಲ. ಶಗ್ ಕೈ ಚಾಚಿ ಹುಡುಗನ ಅಂಗಿ ಹಿಡಿದು ಎಳೆಯುತ್ತಾನೆ. ಇಬ್ಬರೂ ಪೆನಾಲ್ಟಿ ಗೆರೆಗೆ ಒಂದು ಗಜ ಈಚೆ ಬೀಳುತ್ತಾರೆ. ಹಾಗಾಗಿ ಪೆನಾಲ್ಟಿ ಅಲ್ಲ, ಬರೀ ಫ್ರೀಕಿಕ್.

ರೆಫರಿ ಕೆಂಪು ಚೀಟಿ ತೆಗೆಯುವುದಕ್ಕೆ ಮೊದಲೇ ಶಗ್ ಎದ್ದು ಹೊರಗೆ ನಡೆದಿದ್ದಾನೆ. ಹೋಗುವ ಮುನ್ನ ಹುಡುಗನ ಕೈ ಹಿಡಿದು ಎಬ್ಬಿಸುತ್ತಾನೆ. ಹುಡುಗ ಏನೋ ಕೆಟ್ಟದಾಗಿ ಬೈಯುತ್ತಾನೆ. ಸರಿಯಾಗೇ ಹೇಳಿದೆ ಎನ್ನುವಂತೆ ಇವನು ತಲೆ ಆಡಿಸುತ್ತಾನೆ.

ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ಈಸಾ ಅವರ ಕೋಣೆ. ಕೊನೆಯ ಹತ್ತು ನಿಮಿಷ ನೋಡಲು ಎದೆ ತಾಳುವುದಿಲ್ಲವೆಂದು ಅವರು ಎಂದಿನಂತೆ ಒಳಗೆ ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಾರೆ. ಹೊರಹಾಕಿದವನು ಆಟ ನೋಡುವಂತಿಲ್ಲ, ಹಾಗಾಗಿ ಶಗ್ ಅಲ್ಲಿಗೇ ಬಂದು ಬೆಂಚಿನ ಮೇಲೆ ಕೂರುತ್ತಾನೆ. ಈಸಾ ಅವನ ಮುಖ ನೋಡಿ ನಲ್ಲಿ ನಿಲ್ಲಿಸುತ್ತಾರೆ.

ತಲೆಯ ಮೇಲೆ ಹಲಗೆಗಳಿವೆ, ಹಲಗೆಗಳ ಮೇಲೆ ಆರುನೂರು ಜನರ ಕಾಲು. ಒಂದೂ ಅಲುಗುವುದಿಲ್ಲ. ಈಗ ನಮ್ಮವರು ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುತ್ತಿರುತ್ತಾರೆ, ಈಗ ಚೆಂಡು ಇಡುತ್ತಿರುತ್ತಾರೆ ಎಂದು ಶಗ್ ಮೆಲ್ಲಗೆ ಹೇಳುತ್ತಾನೆ. ಸೀಟಿ. ಚೆಂಡು ಗೋಲಿನ ಕಬ್ಬಿಣದ ಕಂಬಕ್ಕೆ ಬಡಿದ ಸದ್ದು. ಮೇಲೆ ಒಂದು ಉಸಿರು ಸಿಕ್ಕಿಕೊಂಡಂತಾಗುತ್ತದೆ. ಈಸಾ ಅವನ ಮಣಿಕಟ್ಟು ಹಿಡಿದುಕೊಂಡಿದ್ದಾರೆ. ಯಾರೋ ಅರಚುತ್ತಾರೆ, ಯಾವ ಊರಿನವರೆಂದು ತಿಳಿಯುವುದಿಲ್ಲ. ಇನ್ನೆರಡು ನಿಮಿಷ. ಇನ್ನೊಂದು. ಆಮೇಲೆ ಮೂರು ಸೀಟಿ, ಆಮೇಲೆ ಆರುನೂರು ಜನರ ಕಾಲು ಒಟ್ಟಿಗೆ ಕುಣಿದು ಹಲಗೆಯ ಸಂದಿಯಿಂದ ಧೂಳು ಇಬ್ಬರ ತಲೆಯ ಮೇಲೂ ಉದುರುತ್ತದೆ.

ಪೋರ್ಟ್‌ಲೋಗಿ ಉಳಿದಿದೆ. ಹೊರಗೆ ಹಾಡು ಶುರುವಾಗಿ, ಡೇವಿ ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದಾನೆ. ಶಗ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದಾನೆ, ಭುಜ ಅಲುಗುತ್ತಿದೆ. ಈಸಾ ಅವನನ್ನು ಅವನ ಪಾಡಿಗೆ ಬಿಟ್ಟು, ಕಪಾಟಿನಿಂದ ದಾಖಲೆ ಪುಸ್ತಕ ತೆಗೆದು ಇವತ್ತಿನ ಪುಟ ಬಿಡಿಸುತ್ತಾರೆ. ಟೆನಂಟ್, ಹ್ಯೂ. ಪಂದ್ಯ ಆರುನೂರ ಹನ್ನೊಂದು. ‘ಹೊರಹಾಕಿದ್ದು’ ಎಂಬ ಅಂಕಣದಲ್ಲಿ ಹದಿನೇಳು ವರ್ಷದಿಂದ ಒಂದು ಚುಕ್ಕೆಯೂ ಇಲ್ಲ.

“ಕಾರಣ ಬರೀಬೇಕಲ್ಲೋ ಶಗ್ಗು,” ಎನ್ನುತ್ತಾರೆ. “ಏನಂತ ಹಾಕ್ಲಿ? ಕಾಲು ಸೋತು ಅವನ ಮೇಲೆ ಬಿದ್ದ ಅಂತ ಹಾಕ್ತೀನಿ ಬಿಡು. ನೋಡಿದವರೂ ನಂಬ್ತಾರೆ.”

ಶಗ್ ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾನೆ.

“ಬೇಡ ಈಸಾ. ಏಪ್ರಿಲ್‌ದು ತಪ್ಪಾಗಿ ಆಗಿದ್ದು. ಇದು ಹಾಗಲ್ಲ. ಬೇಕಂತಲೇ ಹಿಡಿದ ಅಂತ ಬರೀರಿ, ಎಲ್ಲರಿಗೂ ಓದೋಕೆ ಬರೋ ಹಾಗೆ.”